ಅಪ್ಪನ ಹೆಸರಿನ ಗಾಡಿ

ಕುಷಾಯಿಗೂಡದ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಕೆಎ-38 ನಂಬರಿನ ಹಳೆಯ ವ್ಯಾಗನ್ ಆರ್ ಒಂದು ವರ್ಷಕ್ಕೂ ಹೆಚ್ಚು ನಿಂತಿತ್ತು. ವಾಚ್‌ಮನ್ ಅದನ್ನು ‘ಬೀದರ್ ಬಂಡಿ’ ಅನ್ನುತ್ತಿದ್ದ. ನಾನು ಮಾತ್ರ ‘ನನ್ನ ಗಾಡಿ’ ಅನ್ನುತ್ತಿದ್ದೆ.

2012ರಲ್ಲಿ ಪರ್ಸನಲ್ ಲೋನ್ ತೆಗೆದು ಅಪ್ಪನಿಗೆ ಕೊಡಿಸಿದ್ದು. ಆರ್‌ಸಿ ಅಪ್ಪನ ಹೆಸರಿಗೆ, ಐದು ವರ್ಷದ ಕಂತು ನನ್ನ ಸಂಬಳಕ್ಕೆ. ಅಪ್ಪ ತೀರಿಕೊಂಡ ಮೇಲೆ ‘ಸ್ವಲ್ಪ ದಿನ ಇರಲಿ’ ಎಂದು ಹೈದರಾಬಾದಿಗೆ ತಂದೆ. ತಮ್ಮ ಏನೂ ಅನ್ನಲಿಲ್ಲ. ಅನ್ನದಿದ್ದುದನ್ನೇ ನಾನು ಒಪ್ಪಿಗೆ ಅಂದುಕೊಂಡೆ.

ಒಂದು ಸಂಜೆ ಬೀದರಿನಿಂದ ಅವ್ವನ ಫೋನು. ಅಪ್ಪನ ಮೊಬೈಲು ಅವಳ ಹತ್ತಿರವೇ ಇತ್ತು. ‘ನಿಮ್ಮಪ್ಪನ ಹೆಸರ ಮ್ಯಾಲ ದಂಡ ಬಂದದಲೋ. ಸಿಗ್ನಲ್ ಮುರದಾರಂತ.’ ಈಸಿಐಎಲ್ ಚೌರಸ್ತಾದಲ್ಲಿ ಮುರಿದವನು ನಾನು. ಸತ್ತು ಒಂದು ವರ್ಷ ದಾಟಿದ ಮನುಷ್ಯನ ಹೆಸರಿಗೆ ಚಲನ್ ಬಂದಿತ್ತು, ಓದಿದವಳು ಅವನ ಹೆಂಡತಿ.

ನಾಚಿಕೆಯಾಗಿ, ನನ್ನ ಹೆಸರಿಗೆ ಮಾಡಿಸಿಕೊಳ್ಳುತ್ತೇನೆಂದು ತಮ್ಮನಿಗೆ ಹೇಳಿದೆ. ‘ಕಂತು ನೀ ಕಟ್ಟಿದಿ ಅಣ್ಣಾ, ಖರೆ. ವಾರಕ್ಕ ಎರಡು ಸಲ ಡಯಾಲಿಸಿಸ್‌ಗೆ ಕರಕೊಂಡು ಹೋದಾಂವ ಯಾರು? ಟಾಯರು, ಇನ್ಶೂರೆನ್ಸು ಯಾರು ಮಾಡಿಸಿದ್ರು?’ ‘ರೊಕ್ಕ ನಂದು’ ಅಂದುಬಿಟ್ಟೆ. ಆಮೇಲೆ ನಾಲ್ಕು ತಿಂಗಳು ಮಾತಿಲ್ಲ.

ಆಫೀಸಿನಲ್ಲಿ ‘ಓನರ್’ ಕಾಲಮ್ ಖಾಲಿ ಇರುವ ಒಂದು ಟಿಕೆಟ್ಟನ್ನೂ ನಾನು ಮುಂದೆ ಬಿಡುವವನಲ್ಲ. ಮನೆಯ ಗಾಡಿಯ ಕಾಲಮ್ ಈಗ ನೋಡಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಯಾರ ಹೆಸರಲ್ಲಿ ನೋಂದಣಿಯೋ ಅವರೇ ಮಾಲೀಕರು. ಅವರು ತೀರಿಕೊಂಡರೆ ಗಾಡಿ ಇಟ್ಟುಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ಎರಡೂ ಗಡುವು ನಾನು ದಾಟಿಸಿದ್ದೆ. ಬೇರೆ ರಾಜ್ಯದ ಗಾಡಿ 12 ತಿಂಗಳು ದಾಟಿ ಇಲ್ಲೇ ಇದ್ದರೆ ಇಲ್ಲಿಯ ನಂಬರು ತೆಗೆದುಕೊಳ್ಳಬೇಕು, ಅದನ್ನೂ ಮಾಡಿರಲಿಲ್ಲ. 2021ರಿಂದ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸುವ ಅವಕಾಶವಿದೆ. ಅಪ್ಪನ ಪಿಎಫ್‌ಗೆ, ಬ್ಯಾಂಕಿಗೆ ನಾಮಿನಿ ಹಾಕಿಸಿದ ನಮಗೆ ಗಾಡಿ ನೆನಪಾಗಿರಲಿಲ್ಲ.

ಇನ್ನು ಪಾಲು. ಉಯಿಲು ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳು ಎಲ್ಲರಿಗೂ ಸಮಪಾಲು. ಅಜ್ಜಿ ಬದುಕಿದ್ದರೆ ಅವಳಿಗೂ ಒಂದು. ನಮ್ಮಲ್ಲಿ ನಾಲ್ವರು: ಅವ್ವ, ಅಕ್ಕ, ನಾನು, ತಮ್ಮ. ಜೋಡಿಸಬೇಕಾದ ಕಾಗದಗಳಲ್ಲಿ ಮರಣ ಪತ್ರ, ವಂಶವೃಕ್ಷ, ಉಳಿದವರ ಒಪ್ಪಿಗೆ ಎಲ್ಲ ಇದ್ದವು. ಐದು ವರ್ಷದ ನನ್ನ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಜಾಗ ಇರಲಿಲ್ಲ. ತಮ್ಮನ ಡಯಾಲಿಸಿಸ್ ಓಡಾಟಕ್ಕೂ ಇರಲಿಲ್ಲ.

ಸಹಿಗಾಗಿ ಅಕ್ಕನಿಗೆ ಫೋನ್ ಮಾಡಿದೆ. ‘ನಂದೂ ಪಾಲು ಅದ ಅಂತ ಸಹಿ ಬೇಕಾದಾಗ ನೆನಪಾತೇನು?’ ಅಂದಳು. ಅವಳು ನಕ್ಕಳು, ನನಗೆ ನಗು ಬರಲಿಲ್ಲ. ‘ಯಾರ ಹೆಸರಿಗೆ ಅಂತ ಮೊದಲು ಅವ್ವನ್ನ ಕೇಳಿದೇನು?’

ಕೇಳಿರಲಿಲ್ಲ.

ಭಾನುವಾರ ಗಾಡಿ ತೊಳೆಸಿ ಬೀದರಿಗೆ ಹೊರಟೆ. ಅವ್ವ ಹೆಚ್ಚು ಯೋಚಿಸಲಿಲ್ಲ. ‘ನನ್ನ ದವಾಖಾನಿಗಿ ಯಾರು ಒಯ್ತಾರೋ ಅವರ ಹೆಸರಿಗಿ ಮಾಡ್ರಿ’ ಅಂದಳು. ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ, ಬಾಕಿ ಚಲನ್ ಕಟ್ಟಿದೆ. ಅರ್ಧ ರೊಕ್ಕ ಕೊಡುತ್ತೇನೆಂದು ತಮ್ಮ ಎರಡು ಸಲ ಅಂದ. ಎರಡನೆಯ ಸಲ ‘ಬ್ಯಾಡ’ ಅನ್ನುವಾಗ ನನ್ನ ದನಿ ಸ್ವಲ್ಪ ತಡವರಿಸಿತು, ಸುಳ್ಳೇಕೆ ಹೇಳಲಿ.

ಅರ್ಜಿಯಲ್ಲಿ ಮೊಬೈಲ್ ನಂಬರಿನ ಜಾಗ ಬಂದಾಗ ತಮ್ಮ ಪೆನ್ನು ಹಿಡಿದು ಅವ್ವನ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಅಪ್ಪನ ನಂಬರು ಬಿಟ್ಟು ತನ್ನದು ಬರೆದ.