ಒರೆಸುವ ಸುಖ

ಎಣ್ಣೆ ಗಾಣ, ಹಿಟ್ಟಿನ ಗಿರಣಿ, ಟೈಲರ್ ಅಂಗಡಿ, ಹಪ್ಪಳ-ಸಂಡಿಗೆಯ ಮನೆ ವ್ಯಾಪಾರ, ಇಂಥವಕ್ಕೆ ಲೋಗೋ ಬರೆದುಕೊಡುವುದು ನನ್ನ ಖಯಾಲಿ. ದೊಡ್ಡ ಕಂಪನಿಗೆ ಬರೆಯುವವರಿಗೆ ಮೀಟಿಂಗುಗಳಿರುತ್ತವೆ. ನನಗೆ ಗಲ್ಲಾಪೆಟ್ಟಿಗೆ ಪಕ್ಕದ ಸ್ಟೂಲು, ಅರ್ಧ ಲೋಟ ಚಹಾ, ಜೊತೆಗೆ ಮಾಲೀಕರ ಪಟ್ಟಿ.

ಆ ಪಟ್ಟಿ ಕೇಳುವುದೇ ಒಂದು ಸೊಗಸು. ಗಾಣದವರಿಗೆ ಎತ್ತು ಬೇಕು, ಗಾಣ ಬೇಕು, ಶೇಂಗಾ ಬೇಕು, ಕೊಬ್ಬರಿಯೂ ಬೇಕು. ಮನೆದೇವರು ಮೇಲುಗಡೆ ಇರಲೇಬೇಕು. "ಬಂಗಾರದ ಬಣ್ಣ ಹಾಕಿ ಸಾರ್, ಲಕ್ಷಣವಾಗಿರುತ್ತೆ." ನಾನು ಯಾವುದಕ್ಕೂ ಇಲ್ಲವೆನ್ನದೆ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. ಒಂದೊಂದನ್ನೇ ಒರೆಸುವ ಸುಖ ಆಮೇಲಿನದು.

ಫ್ಲೆಕ್ಸ್ ಬೋರ್ಡಿನ ಮೇಲೆ ಎಲ್ಲವೂ ಚೆಂದವೇ. ಲೋಗೋದ ಯೋಗ್ಯತೆ ತಿಳಿಯುವುದು ರಬ್ಬರ್ ಸ್ಟ್ಯಾಂಪಿನಲ್ಲಿ, ಬಿಲ್ ಬುಕ್ಕಿನ ಮೂಲೆಯಲ್ಲಿ, ವಾಟ್ಸಾಪಿನ ಪುಟ್ಟ ವೃತ್ತದಲ್ಲಿ. ಬಟ್ಟೆಚೀಲಕ್ಕೆ ಒಂದೇ ಬಣ್ಣದಲ್ಲಿ ಸ್ಕ್ರೀನ್ ಪ್ರಿಂಟ್ ಹೊಡೆದಾಗ ಸಣ್ಣ ಗೆರೆಗಳ ನಡುವೆ ಶಾಯಿ ತುಂಬಿ ಎತ್ತು ಎಮ್ಮೆಯಾಗುತ್ತದೆ. ಅದಕ್ಕೇ ಮೊದಲು ಕಪ್ಪಿನಲ್ಲಿ ಬರೆಯುತ್ತೇನೆ. ಕಪ್ಪಿನಲ್ಲಿ ನಿಲ್ಲದ್ದು ಬಂಗಾರದಲ್ಲೂ ನಿಲ್ಲದು.

ಹೆಸರನ್ನು ಕನ್ನಡದಲ್ಲಿ ಬರೆಯುವ ರುಚಿಯೇ ಬೇರೆ. 'ಲಕ್ಷ್ಮೀ' ಎಂದರೆ ಸಾಕು, ಕಕಾರದ ತಲೆಗೆ ಗುಡಿಸು, ಕಾಲಿಗೆ ಎರಡು ಒತ್ತು, ಬಲಕ್ಕೆ ದೀರ್ಘ. ಒತ್ತು ಕೆಳಗಿನ ಸಾಲನ್ನು ತುಳಿಯುತ್ತದೆ, ಚಿಕ್ಕದು ಮಾಡಿದರೆ ಸ್ಟ್ಯಾಂಪಿನಲ್ಲಿ ಮುಚ್ಚಿಹೋಗುತ್ತದೆ. ಆದರೆ ಈ ತಂಟೆಯಲ್ಲೇ ಗುರುತು ಅಡಗಿ ಕೂತಿರುವುದುಂಟು. ಟೈಲರ್ ಅಂಗಡಿಯ ಲಕ್ಷ್ಮಿಗೆ ಆ ದೀರ್ಘವನ್ನು ದಾರವಾಗಿ ಎಳೆದು ತುದಿಗೊಂದು ಸೂಜಿ ಪೋಣಿಸಿದರೆ ಬೇರೆ ಚಿತ್ರವೇ ಬೇಡ.

ಕಡೆಯ ಪರೀಕ್ಷೆ ಬಾಯಿಯದು. 1948ರಲ್ಲಿ ಎನ್. ರಂಗರಾವ್ ಮೈಸೂರಿನಲ್ಲಿ ಶುರುಮಾಡಿದ ಊದುಬತ್ತಿ ಕಂಪನಿಯ ಸೈಕಲ್ ನೋಡಿ. ಊದುಬತ್ತಿಗೂ ಸೈಕಲ್ಲಿಗೂ ಏನು ಸಂಬಂಧ? ಓದಲು ಬಾರದ ಅಜ್ಜಿಯೂ "ಸೈಕಲ್ ಬತ್ತಿ ಕೊಡಪ್ಪ" ಎನ್ನಬಹುದು, ಅಷ್ಟೇ ಸಂಬಂಧ. ವ್ಯಾಪಾರಕ್ಕೆ ಅಷ್ಟು ಸಾಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ತನ್ನ ಗುರುತಿಗೆ ನಾಯಿಯನ್ನು ಇಟ್ಟುಕೊಂಡಿತ್ತು. ಬ್ಯಾಂಕು 2020ರಲ್ಲಿ ಕೆನರಾದಲ್ಲಿ ಲೀನವಾಯಿತು, ನಾಯಿಯನ್ನು ಮಾತ್ರ ಕರಾವಳಿ ಮರೆತಿಲ್ಲ. 1971ರಲ್ಲಿ ಅಹಮದಾಬಾದಿನ ವಿನ್ಯಾಸ ಶಾಲೆ ಎನ್‌ಐಡಿಯ ಶೇಖರ್ ಕಾಮತ್ ಸ್ಟೇಟ್ ಬ್ಯಾಂಕಿಗೆ ಬರೆದದ್ದಂತೂ ಒಂದು ನೀಲಿ ವೃತ್ತ, ನಡುವೆ ಬೀಗದ ಕಿಂಡಿ. ಮುಗಿಯಿತು.

ಮೈಸೂರ್ ಸ್ಯಾಂಡಲ್ ಸೋಪಿನ ಶರಭವನ್ನು ತೋರಿಸಿ ನನ್ನನ್ನು ಸೋಲಿಸುವವರಿದ್ದಾರೆ: ಸಿಂಹದ ಮೈ, ಆನೆಯ ತಲೆ, ಹೆಸರು ಹೇಳಬಲ್ಲವರೇ ಕಡಿಮೆ, ಆದರೂ ಗೆದ್ದಿದೆಯಲ್ಲ? ಗೆದ್ದಿದೆ. ಅದರ ಬೆನ್ನಿಗೆ ತಲೆಮಾರುಗಳ ಪರಿಮಳವಿದೆ. ಮೊನ್ನೆ ಶುರುವಾದ ಗಾಣಕ್ಕೆ ಅದೆಲ್ಲಿಂದ ಬರಬೇಕು?

ಗಾಣದವರಿಗೆ ಕೊನೆಗೆ ಉಳಿದದ್ದು ಎರಡು ಕೋಡು, ಮುಖದ ಜಾಗದಲ್ಲಿ ಒಂದು ಎಣ್ಣೆಹನಿ. ಕೇಳುವವರು 'ಕೋಡಿನೆಣ್ಣೆ' ಎಂದು ಕೇಳಿದರಾಯಿತು. ಮಾಲೀಕರು ಕಾಗದವನ್ನು ಹಿಂದೆಮುಂದೆ ತಿರುಗಿಸಿ, "ಇಷ್ಟೇನಾ ಸಾರ್? ಇದನ್ನ ನಮ್ಮ ಹುಡುಗನೂ ಬರೀತಾನೆ" ಎಂದರು. ಒಮ್ಮೆ ನೋಡಿದ ಹುಡುಗ ನೆನಪಿನಿಂದ ಬರೆಯಬೇಕು, ನನಗೆ ಬೇಕಾದದ್ದೂ ಅದೇ. ಆದರೆ ಕೂಲಿ ಕೇಳುವುದು ಒರೆಸಿದ್ದಕ್ಕೆ ಎಂದು ಯಾವ ಮಾಲೀಕರಿಗೂ ತಿಳಿಸಿಹೇಳಲು ಆಗಿಲ್ಲ. ಗೆರೆ ಕಡಿಮೆಯಾಯಿತೆಂದು ಅವರು ರೇಟನ್ನೂ ಕಡಿಮೆ ಮಾಡಿ ಎನ್ನುತ್ತಾರೆ.