ನಿಧಿಯ ಕಥೆಗೆ ಒಂದು ಗಳೆ

ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಬಾಗಿಲಲ್ಲಿ ನಿಂತು, “ಸರ್, ನಿಧಿ ಹುಡುಕೋ ಕಾದಂಬರಿ ಇದ್ರೆ ಕೊಡ್ರಿ. ನಮ್ ಕಡೇದೇ ಇರ್ಬೇಕು ನೋಡ್ರಿ” ಅಂದ. ನಮ್ಮ ಕಡೇದು ಅಂದರೆ ಯಾವುದಪ್ಪಾ ಎಂದು ಕೇಳಿದೆ. “ಉಚ್ಚಂಗಿದುರ್ಗದಾಗೆ ನಡೆಯೋದು” ಎಂದ. ಕಪಾಟಿನ ಎರಡು ಸಾಲೂ ತಡಕಿದೆ. ಉಚ್ಚಂಗಿದುರ್ಗದಲ್ಲಿ ನಡೆಯುವ ನಿಧಿಯ ಕಾದಂಬರಿ ನನ್ನಲ್ಲಿ ಒಂದೂ ಇರಲಿಲ್ಲ. ಹುಡುಗನಿಗಿಂತ ನನಗೇ ಹೆಚ್ಚು ಬೇಜಾರಾಯಿತು. ಪಾಂಡ್ಯರು ಆಳಿದ ಕೋಟೆ, ಮೇಲೆ ಉಚ್ಚಂಗೆಮ್ಮನ ಗುಡಿ, ಬಂಡೆ, ಹೊಂಡ. ಕಾದಂಬರಿಗೆ ಇನ್ನೇನು ಬೇಕು?

ಇಂಗ್ಲಿಷಿನವರಿಗೆ 1883ರಲ್ಲೇ ಸ್ಟೀವನ್‌ಸನ್ ‘ಟ್ರೆಷರ್ ಐಲ್ಯಾಂಡ್’ ಕೊಟ್ಟ. ಅದರ ಮಾತು ಬಿಡಿ, ಎಲ್ಲರಿಗೂ ಗೊತ್ತಿರುವುದೇ. ಕನ್ನಡದಲ್ಲಿ ಈ ಹಸಿವಿಗೆ ಊಟ ಹಾಕಿದವರು ಕೆ.ಎನ್. ಗಣೇಶಯ್ಯ. ಕೃಷಿ ವಿಜ್ಞಾನಿಯಾದವರು ಇತಿಹಾಸದ ಒಂದು ಗಂಟನ್ನು ಹಿಡಿದು, ಅಡಿಟಿಪ್ಪಣಿ, ಚಿತ್ರ, ಆಧಾರಗಳ ಸಮೇತ ಬಿಡಿಸುತ್ತಾ ಹೋಗುತ್ತಾರೆ. ಅವರ ‘ಕರಿಸಿರಿಯಾನ’ ವಿಜಯನಗರದ ಸಂಪತ್ತಿನ ಬೆನ್ನು ಹತ್ತಿದ ಕಾದಂಬರಿ. 1565ರ ಯುದ್ಧ ಸೋತ ಮೇಲೆ ಅರಮನೆಯವರು 550 ಆನೆಗಳ ಮೇಲೆ ಹೊನ್ನು, ವಜ್ರ ಹೇರಿಕೊಂಡು ಹೋದರೆಂದು 1900ರಲ್ಲಿ ಇತಿಹಾಸಕಾರ ಸಿವೆಲ್ ಬರೆದಿಟ್ಟಿದ್ದಾನೆ. ಆನೆಗಳು ಹೋದದ್ದು ಪೆನುಕೊಂಡೆಯ ದಿಕ್ಕಿಗೆ, ನಮ್ಮ ದಿಕ್ಕಿಗಲ್ಲ. ತೇಜಸ್ವಿಯವರ ‘ಜುಗಾರಿ ಕ್ರಾಸ್’ನಲ್ಲೂ ಹಳೆಯದೊಂದು ಕಾವ್ಯದೊಳಗೆ ರತ್ನದ ಜಾಡಿದೆ, ಆದರೆ ಅದು ಮಲೆನಾಡಿನ ಕಾಡು, ಜಿಟಿಜಿಟಿ ಮಳೆ. ನಮ್ಮ ಬಯಲುಸೀಮೆಯ ಕೆಂಪು ಧೂಳು ಯಾವ ನಾಯಕನ ಬೂಟಿಗೂ ಇನ್ನೂ ಮೆತ್ತಿಕೊಂಡದ್ದನ್ನು ನಾನು ಕಾಣೆ.

ಈ ಸೀಮೆಯಲ್ಲಿ ನಿಧಿ ಅಂದರೆ ನೆನಪಾಗುವುದೇ ಬೇರೆ. ಅಮಾವಾಸ್ಯೆಯ ಮಾರನೇ ದಿನ ಊರಾಚೆಯ ಪಾಳುಗುಡಿಯಲ್ಲಿ ತೋಡಿದ ಗುಂಡಿ, ಅದರ ಪಕ್ಕ ಕೊಯ್ದ ನಿಂಬೆಹಣ್ಣು, ಚೆಲ್ಲಿದ ಕುಂಕುಮ, ಬೆನ್ನು ಒಡೆಸಿಕೊಂಡ ಬಸವಣ್ಣ. ಬಸವಣ್ಣನ ಹೊಟ್ಟೆಯಲ್ಲಿ ವಜ್ರ ಇರುತ್ತದೆಂದು ಯಾವ ಪುಣ್ಯಾತ್ಮ ಹೇಳಿಕೊಟ್ಟನೋ! ಅಖಂಡ ಕಲ್ಲಿನ ಒಳಗೆ ಯಾರು ಹೇಗೆ ಇಟ್ಟಾರು ಎಂದು ಒಂದು ಗಳಿಗೆ ಯೋಚಿಸಿದ್ದರೆ ಎಷ್ಟು ಲಿಂಗ, ಎಷ್ಟು ನಂದಿ ಉಳಿಯುತ್ತಿದ್ದವು. ಸಿಕ್ಕರೂ ದಕ್ಕುವುದಿಲ್ಲ. 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ಕಾಯ್ದೆಯಲ್ಲೇ ಇದೆ. ಕೌಟಿಲ್ಯನೂ ನಿಧಿಯ ಸುದ್ದಿ ತಂದವನಿಗೆ ಆರರಲ್ಲಿ ಒಂದು ಪಾಲು ಎಂದು ಲೆಕ್ಕ ಹಾಕಿದ್ದ.

ಕೌಟಿಲ್ಯ ಎಂದಾಗ ಆರ್. ಶಾಮಶಾಸ್ತ್ರಿಗಳನ್ನು ನೆನೆಯದೆ ಮುಂದೆ ಹೋಗಲಾರೆ. ಮೈಸೂರಿನಲ್ಲಿ ತಾಳೆಗರಿಯ ಕಟ್ಟೊಂದರಲ್ಲಿ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಅವರು. ನಿಜವಾದ ನಿಧಿಶೋಧದ ಕಥೆ ಬೇಕಾದರೆ ಇದಕ್ಕಿಂತ ದೊಡ್ಡದು ಎಲ್ಲಿ ಸಿಕ್ಕೀತು? ಹರಪನಹಳ್ಳಿ ಕಡೆಯ ನಾವು ಆಗ ಮದ್ರಾಸ್ ಪ್ರಾಂತ್ಯದವರು. ಆ ಪ್ರಾಂತ್ಯದ ಕನ್ನಡ ಶಾಸನಗಳು 1939ರಲ್ಲಿ ಸಂಪುಟವಾಗಿ ಬಂದಾಗ ಅದರ ಸಂಪಾದಕರಲ್ಲಿ ಒಬ್ಬರು ಇದೇ ಶಾಸ್ತ್ರಿಗಳು. ಹರಪನಹಳ್ಳಿಗೆ ಕೂಗಳತೆಯಲ್ಲಿರುವ ಬಾಗಳಿಯ ಕಲ್ಲೇಶ್ವರನ ಗುಡಿಯ ಶಾಸನಗಳೂ ಅದರಲ್ಲಿವೆ. ಚಾಲುಕ್ಯ ತೈಲಪನ ಕಾಲದ, 987ರ ಬರಹವೂ ಅಲ್ಲಿಯದೇ.

ಇಂಥ ದಾನಶಾಸನವೊಂದನ್ನು ಒಮ್ಮೆ ನಿಧಾನವಾಗಿ ಓದಿ ನೋಡಬೇಕು. ದೇವರಿಗೆ ಬಿಟ್ಟ ಹೊಲ ಎಲ್ಲಿದೆ ಎಂದು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಎಲ್ಲೆ ಹೇಳುತ್ತಾ ಹೋಗುತ್ತದೆ. ಇಂಥ ಹಳ್ಳ, ಇಂಥ ಮರ, ಕೆರೆಯ ಕೋಡಿ, ನೆಟ್ಟ ಕಲ್ಲು. ಕಡಲ್ಗಳ್ಳರ ನಕ್ಷೆ ಇದಕ್ಕಿಂತ ಚೊಕ್ಕವೇ? ಹೊಲ ಎಷ್ಟೆಂದು ಮತ್ತರು, ಕಮ್ಮಗಳಲ್ಲಿ ಹೇಳಿ, ಯಾವ ಗಳೆಯಲ್ಲಿ ಅಳೆದದ್ದು ಎಂದೂ ಕೆಲವೆಡೆ ಕಾಣಿಸುತ್ತದೆ. ಗಳೆಯೆಂದರೆ ಅಳತೆಯ ಕೋಲು. ಅದರ ಉದ್ದ ಎಲ್ಲ ಊರಲ್ಲೂ ಒಂದೇ ಅಲ್ಲ. ಹೀಗಾಗಿ ಕೆಲವು ಗುಡಿಗಳಲ್ಲಿ ಕೋಲಿನ ಅಳತೆಯನ್ನು ಕಲ್ಲಿನ ಮೇಲೇ ಗೀರಿ ಇಟ್ಟಿರುತ್ತಾರೆ.

ನಾನೇ ನಿಧಿಯ ಕಾದಂಬರಿ ಬರೆದರೆ ಅದು ಇಲ್ಲಿಂದ ಏಳುತ್ತದೆ. ನಾಯಕಿ ಕೊಟ್ಟೂರಿನ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವಳು. ಕೆರೆಯ ತೂಬಿನಿಂದ ಮೂಡಲಿಗೆ ಇಷ್ಟು ಗಳೆ ದೂರದಲ್ಲಿ ನಿಧಿ ಎಂದು ಒಂದು ತಾಮ್ರದ ಹಲಗೆ ಹೇಳುತ್ತದೆ. ಕೇಡಿಗಳ ಕೈಯಲ್ಲಿ ಜೆಸಿಬಿ ಇದೆ. ಗಳೆಯ ಉದ್ದ ಮಾತ್ರ ತಿಳಿಯದು. ಕೋಗಳಿ, ನೀಲಗುಂದ, ಕುರುವತ್ತಿ ಎಂದು ಗುಡಿಯಿಂದ ಗುಡಿಗೆ ಅವಳು ಆ ಗೀರು ಹುಡುಕುತ್ತಾ ತಿರುಗುತ್ತಾಳೆ. ಕೊನೆಗೊಂದು ಹಳ್ಳಿಗುಡಿಯ ಅಧಿಷ್ಠಾನದ ಮೇಲೆ, ಭಕ್ತರು ಬಳಿದ ಎಣ್ಣೆಬಣ್ಣದ ನಾಲ್ಕು ಪದರದ ಕೆಳಗೆ, ಬೆರಳಿಗೆ ತಗಲುವಷ್ಟೇ ಎರಡು ಅಡ್ಡಗೆರೆ. ಈ ಎಣ್ಣೆಬಣ್ಣ ನನ್ನ ಹೊಟ್ಟೆ ಉರಿಸುವ ಸಂಗತಿ. ಭಕ್ತಿಯಿಂದಲೇ ಬಳಿಯುತ್ತಾರೆ, ಅಕ್ಷರ ಮುಚ್ಚಿಹೋಗುತ್ತದೆ. ದಾನ ಕೆಡಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗುತ್ತಾನೆಂದು ಶಾಸನದ ಕೊನೆಯಲ್ಲಿ ಶಾಪ ಹಾಕಿದವರಿಗೆ ಬ್ರಷ್ಷು ಹಿಡಿದ ಭಕ್ತ ಕನಸಿನಲ್ಲೂ ಬಂದಿರಲಿಕ್ಕಿಲ್ಲ.

ಹುಡುಗನಿಗೆ ಸದ್ಯಕ್ಕೆ ಗಣೇಶಯ್ಯನವರ ‘ಕನಕ ಮುಸುಕು’ ಕೊಟ್ಟು ಕಳಿಸಿದೆ. 13ನೇ ಶತಮಾನದ ಸೋಮನಾಥಪುರದ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೇ ಎಂಬ ಒಗಟಿನ ಸುತ್ತ ಹೆಣೆದದ್ದು. ಮೆಕ್ಕೆಜೋಳ ಅಮೆರಿಕದ ಬೆಳೆ, ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ. ಜೋಹಾನೆಸ್ಸೆನ್ ಎಂಬ ಭೂಗೋಳತಜ್ಞರು ಅದು ಮೆಕ್ಕೆಜೋಳವೇ ಎಂದು 1989ರಲ್ಲಿ ವಾದಿಸಿದರು. ಅಲ್ಲ, ಮುತ್ತು ಪೋಣಿಸಿದ ಮುಕ್ತಾಫಲ ಎಂದರು ಬೇರೆಯವರು. ಈ ಜಗಳದಲ್ಲಿ ನಮ್ಮ ತಾಲೂಕಿನವರನ್ನು ಯಾರೂ ಕೇಳಲಿಲ್ಲವಲ್ಲ! ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳವೇ. ಸುಗ್ಗಿಯಲ್ಲಿ ಕಣದ ತುಂಬ ತೆನೆ ಸುಲಿಯುವ ಹೆಣ್ಣುಮಕ್ಕಳಿಗೆ ಕಾಳು ದಿಂಡಿಗೆ ಕೂರುವ ಬಗೆ ಕಣ್ಣು ಮುಚ್ಚಿದರೂ ಗೊತ್ತು. ತೆನೆಯ ಕಾಳಿನ ಸಾಲು ಯಾವಾಗಲೂ ಸರಿಸಂಖ್ಯೆಯೇ: 12, 14, 16. ತುದಿಗೆ ಹೋದಂತೆ ಕಾಳು ಸಣ್ಣ. ಅವರಲ್ಲಿ ನಾಲ್ಕು ಜನರನ್ನು ಒಂದು ಬಸ್ಸಿನಲ್ಲಿ ಸೋಮನಾಥಪುರಕ್ಕೆ ಕರೆದೊಯ್ದು ಆ ಶಿಲ್ಪದ ಮುಂದೆ ನಿಲ್ಲಿಸಬೇಕು. ಅವರು ಏನೆನ್ನುತ್ತಾರೋ ಅದನ್ನು ಬರೆದುಕೊಂಡು ಬರಲು ನಾನು ಸಿದ್ಧ.