ಎರಡನೆಯ ಈಡು

ಹೆಣ್ಣುಮಕ್ಕಳಿಗೆ ಬಂದೂಕಿನ ಉಸಾಬರಿ ಯಾಕೆ ಎಂದು ನೀವು ಕೇಳಿದರೆ ತಪ್ಪಿಲ್ಲ. ಹುಬ್ಬಳ್ಳಿಯ ಓಣಿಯಲ್ಲಿ ಬೆಳೆದ ನನಗೂ ಮದುವೆಯಾಗುವವರೆಗೆ ಬಂದೂಕೆಂದರೆ ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನ ಹೆಗಲ ಮೇಲಿನದು, ಇಲ್ಲವೇ ಸಿನಿಮಾದ್ದು. ಬಮ್ಮಿಗಟ್ಟಿಯ ಸೊಸೆಯಾದ ಮೇಲೆ ಅದು ಮನೆಯ ಸಾಮಾನಾಯಿತು. ಕಲಘಟಗಿ ತಾಲೂಕು ಎಂದರೆ ನಿಮಗೆ ಬಣ್ಣದ ತೊಟ್ಟಿಲು ನೆನಪಾದೀತು. ನಮ್ಮ ಮನೆಯ ಪಡಸಾಲೆಯಲ್ಲಿ ಆ ತೊಟ್ಟಿಲೂ ಇತ್ತು. ಒಳಕೋಣೆಯ ಕೀಲಿ ಹಾಕಿದ ಕಪಾಟಿನಲ್ಲಿ ಮಾವನವರ ಜೋಡುನಳಿಗೆಯ ಬಂದೂಕೂ ಇತ್ತು.

ಅದು ಶೋಕಿಯದಲ್ಲ. ಕಲಘಟಗಿಯಿಂದ ಯಲ್ಲಾಪುರದ ಕಡೆಗೆ ಹೋದಂತೆ ಕಾಡು ದಟ್ಟವಾಗುತ್ತದೆ. ಗೋವಿನಜೋಳ ತೆನೆ ಕಟ್ಟಿತೆಂದರೆ ಹಂದಿಗಳು ಹಿಂಡುಹಿಂಡಾಗಿ ಇಳಿಯುತ್ತವೆ. ತಿನ್ನುವುದಕ್ಕಿಂತ ಕೆಡವಿ ತುಳಿಯುವುದೇ ಹೆಚ್ಚು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮನಸ್ಸಿಗೆ ಬಂದಂತೆ ಅವನ್ನು ಕೊಲ್ಲುವಂತಿಲ್ಲ. ಮಾವನವರು ಅಟ್ಟಣಿಗೆಯ ಮೇಲೆ ಕೂತು ಗಾಳಿಯಲ್ಲಿ ಈಡು ಹಾರಿಸಿ ಬೆದರಿಸುತ್ತಿದ್ದರು. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲೊಲ್ಲೆವೆಂದು ಇಂಗ್ಲಿಷರ ಮೇಲೆ ತಿರುಗಿಬಿದ್ದ ಸೀಮೆ ನಮ್ಮ ಪಕ್ಕದ್ದೇ. ಆದರೆ ನಮ್ಮ ಮಾವನವರು ಪ್ರತಿ ಚುನಾವಣೆಗೂ ತಾವೇ ಮೊದಲು ಹೋಗಿ ಬಂದೂಕನ್ನು ಠಾಣೆಗೆ ಒಪ್ಪಿಸಿ ಚೀಟಿ ತರುವಂಥ ಮನುಷ್ಯ.

ಅವರು ಹೊಲಕ್ಕೆ ಹೋದ ರಾತ್ರಿ ಅತ್ತೆಯವರು ಮಲಗುತ್ತಿರಲಿಲ್ಲ. ಕೌದಿ ಹೊಲೆಯುತ್ತ ಈಡು ಎಣಿಸುತ್ತಿದ್ದರು. ಒಂದು, ಸ್ವಲ್ಪ ಹೊತ್ತಿಗೆ ಇನ್ನೊಂದು. ಮತ್ತೆ ಕಾಡತೂಸು ತುಂಬುವಷ್ಟು ವೇಳೆ. ಮತ್ತೆ ಒಂದು. ಆ ಲೆಕ್ಕ ತಪ್ಪದಿದ್ದರೆ ಅವರ ಸೂಜಿಯೂ ತಪ್ಪುತ್ತಿರಲಿಲ್ಲ. 1992ರ ಮಳೆಗಾಲದಲ್ಲಿ ಆ ಲೆಕ್ಕ ತಪ್ಪತೊಡಗಿತು. ಎರಡು ಈಡಿನ ಮೇಲೆ ಮೌನ. ಹಾರಿದ ಕಾಡತೂಸಿನ ಖಾಲಿ ಕೊಳವೆ ನಳಿಗೆಯಲ್ಲೇ ಕಚ್ಚಿಕೊಂಡು ಕೂಡುತ್ತಿತ್ತು. ಕತ್ತಲಲ್ಲಿ, ಮಳೆಯಲ್ಲಿ, ಕೆಳಗೆ ಹಂದಿಗಳ ಗುಟುರು ಕೇಳುತ್ತಿರುವಾಗ, ಮಾವನವರು ಚಾಕುವಿನಿಂದ ಅದನ್ನು ಮೀಟಿ ತೆಗೆಯಬೇಕು. ಒಂದು ಬೆಳಗು ಹೆಬ್ಬೆರಳಿಗೆ ಧೋತರದ ಅಂಚು ಸುತ್ತಿಕೊಂಡು ಬಂದರು. ಬಟ್ಟೆಯೆಲ್ಲ ರಕ್ತ.

ಮೈದುನ ಸಿಟ್ಟಿನಲ್ಲಿ ಅಂದ: "ಬಂದೂಕಿಗೂ ವಯಸ್ಸಾತು, ನಿಮಗೂ ವಯಸ್ಸಾತು. ಎರಡೂ ಮನಿಯಾಗ ಇರ್ರಿ ಇನ್ನ." ಮಾವನವರು ಮಾತಾಡಲಿಲ್ಲ. ಮೂರು ದಿನ ಊಟಕ್ಕೆ ಎಲ್ಲರಿಗಿಂತ ಕೊನೆಗೆ ಕೂತರು.

ನನ್ನ ತವರು ಹುಬ್ಬಳ್ಳಿ ಎಂಬ ನೆಪದಲ್ಲಿ ನಾನೂ ಅವರ ಜೊತೆ ರಿಪೇರಿಗೆ ಹೋದೆ. ಮಿಸ್ತ್ರಿ ಎಪ್ಪತ್ತು ದಾಟಿದ ಮುದುಕ. ಲೈಸನ್ಸಿನ ಪುಸ್ತಕ ನೋಡಿದ, ನಳಿಗೆ ಖಾಲಿ ಇದೆಯೇ ಎಂದು ನೋಡಿದ, ಬಂದೂಕನ್ನು ಬದಿಗಿಟ್ಟುಬಿಟ್ಟ. "ಕಾಡತೂಸು ತಗೀರಿ ಗೌಡ್ರ. ಎಲ್ಲಿ ಇಟ್ಟಿರ್ತೀರಿ?"

ಬಚ್ಚಲಗೋಡೆಗೆ ಹೊಂದಿದ ಮಾಡದಲ್ಲಿ ಎಂದರು ಮಾವನವರು. ಮಿಸ್ತ್ರಿ ನಕ್ಕ. ಅವು ಕಾಗದದ ಮೈಯ ಹಳೆಯ ಕಾಡತೂಸು. ತಂಪು ಹೀರಿ ಉಬ್ಬಿದ್ದವು. ಉಬ್ಬಿದ್ದನ್ನು ಒತ್ತಿ ಕೂಡಿಸಿದರೆ ಒಳಗೆ ಹೋದೀತು. ಹಾರಿದ ಮೇಲೆ ಇನ್ನಷ್ಟು ಹಿಗ್ಗಿ ಬಿಡಲೊಲ್ಲದು. ಆಮೇಲೆ ಬಂದೂಕನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದ. ಕಾಡತೂಸು ಕೂಡುವ ಜಾಗದಲ್ಲಿ ತುಕ್ಕಿನ ಸಣ್ಣ ಕಲೆ, ಹಳೆಯ ಮಸಿ. ಖಾಲಿ ಕೊಳವೆಯ ಅಂಚು ಹಿಡಿದು ಎತ್ತುವ ಪುಟ್ಟ ತುಂಡಿನ ಕೆಳಗೆ ವರ್ಷಗಟ್ಟಲೆ ಹಾಕಿದ ಎಣ್ಣೆ ಅಂಟಾಗಿ ಗಟ್ಟಿಯಾಗಿತ್ತು. ಉಜ್ಜಿ, ತೊಳೆದು, ಒರೆಸಿದ. ಬದಲಿಸಿದ್ದು ಏನೂ ಇಲ್ಲ.

"ಎಲ್ಲಾರೂ ಮೊದಲ ಬಂದೂಕಿನ ಮ್ಯಾಲೆ ತಪ್ಪು ಹಾಕ್ತಾರ ತಂಗಿ" ಎಂದು ಅವನು ಇನ್ನೊಂದು ಕತೆ ಹೇಳಿದ. ಅವನ ತಂದೆಯ ಕಾಲದಲ್ಲಿ ಒಬ್ಬ ಜಮೀನುದಾರರು ಬೆಲ್ಜಿಯಂದ ಬಂದೂಕು ತಂದಿದ್ದರಂತೆ. ಅಮೆರಿಕದ ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದದ್ದು, ಎಫ್.ಎನ್. ಕಾರ್ಖಾನೆಯಲ್ಲಿ ತಯಾರಾದದ್ದು. ಅದು ತಾನೇ ಖಾಲಿ ಕೊಳವೆ ಎಸೆದು, ತಾನೇ ಮುಂದಿನದನ್ನು ಎಳೆದುಕೊಳ್ಳುತ್ತದೆ. ಈಡಿನ ಒದೆತಕ್ಕೆ ನಳಿಗೆಯೇ ಹಿಂದೆ ಸರಿದು ಮುಂದೆ ಬರುತ್ತದೆ. ಆ ಓಡಾಟದಲ್ಲೇ ಎಲ್ಲ ಕೆಲಸ. ಹೊಸದಿದ್ದಾಗ ಚೆನ್ನಾಗಿದ್ದದ್ದು ಆಮೇಲೆ ಒಂದೊಂದು ಈಡಿಗೂ ಅರ್ಧಕ್ಕೆ ಸಿಕ್ಕಿಕೊಳ್ಳತೊಡಗಿತು. ಸ್ಪ್ರಿಂಗು ಹೋಯಿತೆಂದು ಎಲ್ಲರೂ ಅಂದರು. ಇವನ ತಂದೆ ಬಿಚ್ಚಿ ನೋಡಿದರೆ ದೋಷ ಒಂದು ಉಕ್ಕಿನ ಬಳೆಯಲ್ಲಿ! ಬಿರುಸಿನ ಕಾಡತೂಸಿಗೆ ಆ ಬಳೆಯನ್ನು ಸ್ಪ್ರಿಂಗಿನ ಮುಂದೆ ಹಾಕಬೇಕು, ಬಿರಿ ಬಿಗಿಯಾಗುತ್ತದೆ. ಮೆದುವಿನದಕ್ಕೆ ಸ್ಪ್ರಿಂಗಿನ ಹಿಂದೆ ಹಾಕಬೇಕು. ಬಳೆ ಬಿರುಸಿನ ಜಾಗದಲ್ಲೇ ಇತ್ತು. ಹಾಕುತ್ತಿದ್ದದ್ದು ಮೆದುವಿನ ಕಾಡತೂಸು. ನಳಿಗೆಗೆ ಪೂರ್ತಿ ಹಿಂದೆ ಸರಿಯುವ ಶಕ್ತಿಯೇ ಸಿಗುತ್ತಿರಲಿಲ್ಲ. ತಿರುವುಮುರುವಾಗಿದ್ದರೆ ನಳಿಗೆ ಬಡಿದು ಬಡಿದು ಮುಂದಿನ ಕಟ್ಟಿಗೆಯೇ ಸೀಳುತ್ತಿತ್ತಂತೆ.

ನನಗೆ ಕೂಡಲೇ ನಮ್ಮ ಹೊಲಿಗೆಯಂತ್ರ ನೆನಪಾಯಿತು. ಕೌದಿಗೆ ಬಿಗಿ ಮಾಡಿದ ದಾರದ ತಿರುಪನ್ನು ಸಡಿಲಿಸದೆ ಮಲ್‌ಮಲ್ ಬಟ್ಟೆ ಹಾಕಿದರೆ ಹೊಲಿಗೆ ಸುರುಟುತ್ತದೆ, ದಾರ ಹರಿಯುತ್ತದೆ. ಆಗ ಮಷಿನ್ ಕೆಟ್ಟಿತು ಎನ್ನುತ್ತೇವೆಯೆ? ಸೂಜಿ ನೋಡುತ್ತೇವೆ, ದಾರ ನೋಡುತ್ತೇವೆ, ತಿರುಪು ನೋಡುತ್ತೇವೆ. ಅಡ್ಡಿ ಹುಡುಕುವ ಕ್ರಮ ಎಲ್ಲ ಕಡೆಗೂ ಒಂದೇ: ಮೊದಲು ಅದಕ್ಕೆ ಏನು ತಿನ್ನಿಸಿದೆವು, ಆಮೇಲೆ ಎಷ್ಟು ಸ್ವಚ್ಛ ಇಟ್ಟೆವು, ಆಮೇಲೆ ಯಾವ ಕೆಲಸಕ್ಕೆ ಹದ ಮಾಡಿದೆವು. ವಯಸ್ಸಿನ ಮಾತು ಕಟ್ಟಕಡೆಗೆ.

ಆದರೆ ಹೊಲಿಗೆಯಂತ್ರ ಕೈ ಕಳೆಯುವುದಿಲ್ಲ, ಬಂದೂಕು ಕಳೆಯುತ್ತದೆ. ಹೊರಡುವ ಮುಂಚೆ ಮಿಸ್ತ್ರಿ ಹೇಳಿದ ಮಾತುಗಳನ್ನು, ಮನೆಯಲ್ಲಿ ಬಂದೂಕಿರುವ ಅಕ್ಕತಂಗಿಯರಿಗಾಗಿ, ಹಾಗೆಯೇ ಬರೆಯುತ್ತೇನೆ. ಕುದುರೆ ಎಳೆದರೂ ಈಡು ಹಾರದಿದ್ದರೆ ಒಡನೆ ತೆರೆಯಬಾರದು. ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ತಡವಾಗಿ ಹಾರುವುದೂ ಉಂಟು. ಸದ್ದು 'ಫುಸ್' ಎಂದರೆ ಎರಡನೆಯ ಈಡು ಹಾರಿಸಲೇಬಾರದು. ಕಾಡತೂಸಿನೊಳಗಿನ ಬಿಲ್ಲೆ ನಳಿಗೆಯಲ್ಲೇ ನಿಂತಿರಬಹುದು. ಅದರ ಮೇಲೆ ಇನ್ನೊಂದು ಹಾರಿದರೆ ನಳಿಗೆ ಒಡೆಯುತ್ತದೆ. ಬಂದೂಕು ಖಾಲಿ ಮಾಡಿ ಒಳಗೆ ಬೆಳಕು ಹಾಯುವುದೇ ಎಂದು ನೋಡಬೇಕು. ಕಚ್ಚಿಕೊಂಡದ್ದನ್ನು ಚಾಕುವಿನಿಂದ ಮೀಟಬಾರದು. ಜೀವಂತ ಕಾಡತೂಸಾದರಂತೂ ಮುಟ್ಟದೆ ತಿಳಿದವರ ಕೈಗೆ ಕೊಡಬೇಕು.

ಕಾಡತೂಸಿನ ಡಬ್ಬಿ ಬಚ್ಚಲಗೋಡೆಯನ್ನು ಬಿಟ್ಟು ಒಣಗಿದ ಕೋಣೆಯ ಕಪಾಟಿಗೆ ಬಂತು, ಬೇರೆ ಕೀಲಿಯಲ್ಲಿ. ಮುಂದೆ ಒಂಬತ್ತು ವರ್ಷ ಅದೇ ಬಂದೂಕು, ಅದೇ ಮನುಷ್ಯ ಹೊಲ ಕಾದರು. ಊರಿಗೆ ಹೋದಾಗಲೆಲ್ಲ ಅತ್ತೆಯವರ ಕೌದಿ ಒಂದು ಕೈ ಉದ್ದವಾಗಿರುತ್ತಿತ್ತು.

ಮಾವನವರು ಈಗಿಲ್ಲ. ಲೈಸನ್ಸು ಮೈದುನನ ಹೆಸರಿಗೆ ಆಗಿದೆ. ಮಿರ್ಗದ ಮಳೆಗೆ ಮುಂಚೆ ಅವನು ಜಗಲಿಯ ಮೇಲೆ ಕೂತು ಕಾಡತೂಸುಗಳನ್ನು ಒಂದೊಂದಾಗಿ ಬೆರಳಲ್ಲಿ ಹೊರಳಿಸಿ ನೋಡುತ್ತಾನೆ, ನಳಿಗೆಯನ್ನು ಬೆಳಕಿಗೆ ಹಿಡಿದು ಒರೆಸುತ್ತಾನೆ. ಆ ಬಂದೂಕಿಗೆ ವಯಸ್ಸಾಯಿತೆಂಬ ಮಾತು ಅವನ ಬಾಯಿಂದ ಮತ್ತೆ ಬಂದಿಲ್ಲ.